ಮೊದಲು ಬಾಲ್ದಿ ತೂಗಿ

ಹಟ್ಟಿ ಬದಿಯ ಮಾತು: ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ನಮ್ಮ ಮನೆಯ ಗೋಬರ್ ಗ್ಯಾಸ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದೇ ತಪ್ಪಾಯಿತೋ ಏನೋ, ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಮೊದಲೇ ಹೇಳಿಬಿಡುತ್ತೇನೆ, ನಾನು ಇಂಜಿನಿಯರ್ ಅಲ್ಲ. 1988ರಲ್ಲಿ ಮದುವೆಯಾಗಿ ಉಡುಪಿ ಜಿಲ್ಲೆಯ ಪೆರ್ಡೂರಿನ ಹತ್ತಿರದ ಈ ಮನೆಗೆ ಬಂದೆ. ಬಂದ ಮೂರನೇ ದಿನಕ್ಕೆ ಸೆಗಣಿ ಕಲಸುವ ಕೋಲು ಕೈಗೆ ಬಂತು. ಮೊದಲು ಇದ್ದದ್ದು ಕಬ್ಬಿಣದ ಡ್ರಮ್ಮು ಮೇಲೆ ಕೆಳಗೆ ಹೋಗುವ ಹಳೇ ಕ್ರಮದ್ದು. ಅದು ತುಕ್ಕು ಹಿಡಿದು ಜರಡಿಯಾದ ಮೇಲೆ ನೆಲದೊಳಗೆ ಇಟ್ಟಿಗೆಯ ಡೋಮು (ಗುಮ್ಮಟ) ಇರುವ ದೀನಬಂಧು ಮಾದರಿಯ ಟಾಕಿ ಕಟ್ಟಿಸಿದೆವು. ಎರಡನ್ನೂ ಹಾಳು ಮಾಡಿ, ಎರಡನ್ನೂ ರಿಪೇರಿ ಮಾಡಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಿರಿಯಡ್ಕದ ಓದುಗರೊಬ್ಬರು ಕೇಳಿದ್ದು: ಅಕ್ಕ, ನಮ್ಮಲ್ಲಿ 1998ರಲ್ಲಿ ಕಟ್ಟಿದ 2 ಘನ ಮೀಟರಿನ ದೀನಬಂಧು ಇದೆ. ಮೂರು ವರ್ಷದ ಹಿಂದೆ ದನಗಳನ್ನು ಕೊಟ್ಟೆವು. ಈಗ ಮನೆಯಲ್ಲಿ ನಾನು, ಹೆಂಡತಿ ಇಬ್ಬರೇ. ಮಗ ಬೆಂಗಳೂರಿನಲ್ಲಿ. ಟಾಕಿ ಸುಮ್ನೆ ಬಿದ್ದಿದೆ. ಉಳಿದ ಅನ್ನ, ತರಕಾರಿ ಸಿಪ್ಪೆ, ಹಲಸಿನ ಹಣ್ಣು ಹಾಕಿ ಅದನ್ನು ಮತ್ತೆ ನಡೆಸಬಹುದಾ?

ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಊರಿನಲ್ಲೇ ಹೀಗೆ ಬಿದ್ದಿರುವ ಟಾಕಿಗಳು ಎಷ್ಟಿಲ್ಲ! ಟಾಕಿ ಕೆಟ್ಟು ಬಿಟ್ಟವರು ಕಡಿಮೆ. ಹಟ್ಟಿ ಖಾಲಿಯಾಯಿತು, ಅದರ ಹಿಂದೆ ಟಾಕಿಯೂ ಖಾಲಿಯಾಯಿತು, ಅಷ್ಟೇ.

ನಡೆಸಬಹುದು. ಆದರೆ ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಒಂದು ವಾರ ಅಡುಗೆಮನೆಯಲ್ಲಿ ಬೇರೆಯೇ ಒಂದು ಬಾಲ್ದಿ ಇಡಿ. ದಿನದ ಕಸ ಅದಕ್ಕೇ ಬೀಳಬೇಕು. ರಾತ್ರಿ ಅದನ್ನು ಅಡಿಕೆ ತೂಗುವ ಕೊಕ್ಕೆಗೆ ಸಿಕ್ಕಿಸಿ ತೂಗಿ. ಬಂದ ಲೆಕ್ಕವನ್ನು ಕ್ಯಾಲೆಂಡರಿನ ಅದೇ ದಿನದ ಚೌಕದಲ್ಲಿ ಬರೆಯಿರಿ. ಇಬ್ಬರೇ ಇರುವ ಮನೆಯಲ್ಲಿ ಒಂದು ಕೆಜಿ ಮೀರುವುದು ಕಷ್ಟ. ನನ್ನ ಮಾತು ನಂಬಬೇಡಿ, ತೂಗಿ ನೋಡಿ.

ಈಗ ಲೆಕ್ಕ. 25 ಕೆಜಿ ಹಸಿ ಸೆಗಣಿಗೆ ಸುಮಾರು 1 ಘನ ಮೀಟರ್ ಗ್ಯಾಸ್ ಬರುತ್ತದೆ. ಅಂದರೆ ಕೆಜಿಗೆ 40 ಲೀಟರ್. ನಿಮ್ಮದು ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಟಾಕಿ, ಅದಕ್ಕೆ ದಿನಕ್ಕೆ 50 ಕೆಜಿ ಸೆಗಣಿ ಬೇಕೆಂದು ಅಳತೆ ಹಾಕಿ ಕಟ್ಟಿದ್ದಾರೆ. ಅಡುಗೆಮನೆಯ ಕಸ ಸೆಗಣಿಗಿಂತ ಜೋರು. ಅನ್ನ, ಹಿಟ್ಟು ಜಾಸ್ತಿ ಇದ್ದರೆ ಒಂದು ಕೆಜಿಗೆ 100 ಲೀಟರ್ ಆಸುಪಾಸು ಬರುತ್ತದೆ. ಯಾಕೆ ಗೊತ್ತಾ? ಸೆಗಣಿ ಅಂದರೆ ದನ ತನಗೆ ಬೇಕಾದ ಸಾರವನ್ನೆಲ್ಲ ತೆಗೆದುಕೊಂಡು ಬಿಟ್ಟದ್ದು. ಅನ್ನದ ಸಾರ ಇನ್ನೂ ಯಾರ ಹೊಟ್ಟೆಗೂ ಹೋಗಿಲ್ಲ. ಆದರೂ ಒಂದು ಕೆಜಿಗೆ 100 ಲೀಟರ್ ಅಂದರೆ ಸಣ್ಣ ಬರ್ನರ್ ಅರ್ಧ ಗಂಟೆಯೂ ಉರಿಯುವುದಿಲ್ಲ. ಎರಡು ಲೋಟ ಕಾಫಿ, ಒಂದು ಒಗ್ಗರಣೆ. ಕುಚ್ಚಲಕ್ಕಿ ಬೇಯುವ ಮಾತೇ ಇಲ್ಲ.

ಇನ್ನೊಂದು ತೊಂದರೆ ಇದೆ. ಹಳೇ ಡೋಮಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಸಾಕು. ದಿನಕ್ಕೆ 2,000 ಲೀಟರ್ ಬರುತ್ತಿದ್ದಾಗ 100 ಲೀಟರ್ ಸೋರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬರುವುದೇ 100 ಲೀಟರ್ ಆದರೆ ಒಲೆಗೆ ಏನು ಉಳಿಯಿತು? ಹಾಗಾಗಿ ಟಾಕಿ ಮತ್ತೆ ಗ್ಯಾಸ್ ಕೊಡಲು ಶುರು ಮಾಡಿದ ಮೇಲೆ ಸೋರಿಕೆ ನೋಡಿಕೊಳ್ಳಿ. ಪಾರದರ್ಶಕ ಪೈಪನ್ನು ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ಒಂದು ಹಲಗೆಗೆ ಕಟ್ಟಿ, ಅರ್ಧದಷ್ಟು ನೀರು ತುಂಬಿ, ಒಂದು ತುದಿಯನ್ನು ಗ್ಯಾಸ್ ಲೈನಿಗೆ ಸಿಕ್ಕಿಸಿ. ಗ್ಯಾಸಿನ ಒತ್ತಡಕ್ಕೆ ಒಂದು ಬದಿಯ ನೀರು ಏರಿ ನಿಲ್ಲುತ್ತದೆ. ಸಂಜೆ ಒಲೆಯ ಕಡೆ ಎಲ್ಲ ಬಂದ್ ಮಾಡಿ, ಏರಿದ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ನೀರು ಗುರುತಿಗಿಂತ ಕೆಳಗಿದ್ದರೆ ಎಲ್ಲೋ ಸೋರುತ್ತಿದೆ. ಪೈಪಿನ ಜೋಡಣೆಗಳಿಗೆ ಸೋಪು ನೀರು ಹಚ್ಚಿ, ಗುಳ್ಳೆ ಬಂತಾ ನೋಡಿ. ಅಲ್ಲಿ ಬರದಿದ್ದರೆ ದೋಷ ಡೋಮಿನದ್ದು.

ಹಲಸಿನ ಹಣ್ಣಿನ ವಿಷಯಕ್ಕೆ ಬಂದರೆ, ಹುಷಾರು. ನನ್ನದೇ ಕತೆ ಹೇಳುತ್ತೇನೆ. ಮಗನ ಉಪನಯನದ ಮಾರನೇ ದಿನ ಕೊಪ್ಪರಿಗೆಯಲ್ಲಿ ಅನ್ನ ಉಳಿದಿತ್ತು, ಪಾಯಸ ಉಳಿದಿತ್ತು. ಅಷ್ಟು ಜನ ಬಂದ ಮನೆ, ಒಲೆಗೂ ಜಾಸ್ತಿ ಗ್ಯಾಸ್ ಬೇಕಿತ್ತು. ಎಲ್ಲವನ್ನೂ ಟಾಕಿಗೆ ಹೊಯ್ದೆ. ಎರಡು ಕೊಡ ಪಾಯಸ! ಮಾರನೇ ದಿನ ಒಲೆಯ ಕಿವಿ ತಿರುಗಿಸಿದರೆ ಗ್ಯಾಸ್ ಸುಂಯ್ ಅಂತ ಜೋರಾಗಿ ಬಂತು. ಕಡ್ಡಿ ಗೀರಿ ಹಿಡಿದೆ. ಪುಸ್ ಅಂತ ಕಡ್ಡಿಯೇ ಆರಿತು. ಇನ್ನೊಂದು ಗೀರಿದೆ, ಅದೂ ಆರಿತು. ಗ್ಯಾಸ್ ಬರುತ್ತಿದೆ, ಉರಿಯುತ್ತಿಲ್ಲ. ಹೊರಗೆ ಹೋಗಿ ಸ್ಲರಿ (ಗ್ಯಾಸ್ ಬಿಟ್ಟ ಮೇಲೆ ಟಾಕಿಯಿಂದ ಹೊರಬರುವ ರಾಡಿ) ಬೀಳುವ ಗುಂಡಿ ಹತ್ತಿರ ಬಗ್ಗಿದರೆ, ಮೂರು ದಿನ ಹೊರಗೆ ಬಿಟ್ಟ ದೋಸೆ ಹಿಟ್ಟಿನ ಹುಳಿ ವಾಸನೆ.

ಆದದ್ದು ಇಷ್ಟು. ಟಾಕಿಯೊಳಗೆ ಎರಡು ಜಾತಿಯ ಸೂಕ್ಷ್ಮಜೀವಿಗಳಿವೆ ಎಂದುಕೊಳ್ಳಿ. ಮೊದಲಿನವು ಹಾಕಿದ್ದನ್ನೆಲ್ಲ ಕೊಳೆಸಿ ಹುಳಿ ಮಾಡುತ್ತವೆ. ಎರಡನೆಯವು ಆ ಹುಳಿಯನ್ನು ತಿಂದು ಮೀಥೇನ್ ಮಾಡುತ್ತವೆ. ಉರಿಯುವುದು ಮೀಥೇನ್ ಮಾತ್ರ. ಚೆನ್ನಾಗಿ ನಡೆಯುವ ಟಾಕಿಯ ಗ್ಯಾಸಿನಲ್ಲಿ ನೂರಕ್ಕೆ 55ರಿಂದ 65 ಪಾಲು ಅದಿರುತ್ತದೆ, ಉಳಿದದ್ದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್. ಮೊದಲಿನ ಜಾತಿ ಗಂಟೆಗಳಲ್ಲಿ ಹೆಚ್ಚುತ್ತದೆ, ಎರಡನೆಯದಕ್ಕೆ ದಿನಗಟ್ಟಲೆ ಬೇಕು. ಪಾಯಸ ಸಿಕ್ಕಿದಾಗ ಮೊದಲಿನವಕ್ಕೆ ಹಬ್ಬ. ಹುಳಿ ಏರಿತು, ಎರಡನೆಯವು ಸುಸ್ತಾಗಿ ಬಿದ್ದವು, ಉಳಿದದ್ದು ಬರೀ ಕಾರ್ಬನ್ ಡೈಆಕ್ಸೈಡ್. ಅದಕ್ಕೇ ಕಡ್ಡಿ ಆರಿದ್ದು.

ಹತ್ತು ದಿನ ಏನೂ ಹಾಕಲಿಲ್ಲ. ಆಮೇಲೆ ದಿನಕ್ಕೆ ಅರ್ಧ ಬಾಲ್ದಿ ತಾಜಾ ಸೆಗಣಿ ಮಾತ್ರ. ಮಧ್ಯದಲ್ಲಿ ಎರಡು ಸಲ ಒಂದೊಂದು ಹಿಡಿ ಸುಣ್ಣವನ್ನು ನೀರಿನಲ್ಲಿ ಕದಡಿ ಹೊಯ್ದೆ. ಮೂರನೇ ವಾರ ನೀಲಿ ಉರಿ ಬಂತು. ಅಲ್ಲಿಯವರೆಗೆ ಅತ್ತೆ ಕಟ್ಟಿಗೆ ಒಲೆಯ ಮುಂದೆ ಕೂತು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಆದ್ದರಿಂದ ಹಲಸು ಬೀಳುವ ಕಾಲದಲ್ಲಿ ಎಷ್ಟು ಸಿಕ್ಕಿದರೂ ದಿನಕ್ಕೆ ಇಷ್ಟೇ ಎಂದು ಅಳತೆ ಇಟ್ಟುಕೊಳ್ಳಿ. ಸಣ್ಣಗೆ ಕೊಚ್ಚಿ ಹಾಕಿ, ಬೀಜ ಬೇಡ. ಔಷಧಿ ಅಂಗಡಿಯಲ್ಲೋ ಕಾಲೇಜಿನ ಲ್ಯಾಬಿಗೆ ಸಾಮಾನು ಮಾರುವಲ್ಲೋ ಹುಳಿ ಎಷ್ಟಿದೆ ಎಂದು ತೋರಿಸುವ ಪಿಎಚ್ ಕಾಗದ ಸಿಗುತ್ತದೆ. ಸ್ಲರಿಗೆ ಅದ್ದಿ ನೋಡಿ. ಏಳರ ಹತ್ತಿರ ಇದ್ದರೆ ನೆಮ್ಮದಿ, ಆರೂವರೆಗಿಂತ ಕೆಳಗಿಳಿದರೆ ಹುಳಿ ಏರಿದೆ, ಟಾಕಿಗೆ ಊಟ ಹಾಕುವುದು ನಿಲ್ಲಿಸಿ.

ನಿಮಗೆ ನನ್ನ ಸಲಹೆ? ಪಕ್ಕದ ಮನೆಯಲ್ಲಿ ದನ ಇದ್ದರೆ, ದಿನಕ್ಕೆ 15 ಕೆಜಿ ಸೆಗಣಿ ಕೊಡಲು ಒಪ್ಪಿದರೆ, ಹಳೇ ಟಾಕಿ ಎಬ್ಬಿಸಿ. ಸ್ಲರಿಯನ್ನು ಅವರಿಗೇ ವಾಪಸ್ ಕೊಡುತ್ತೇನೆಂದು ಹೇಳಿ, ಒಪ್ಪುತ್ತಾರೆ. ಶುರು ಮಾಡುವಾಗ ನಡೆಯುತ್ತಿರುವ ಯಾವುದಾದರೂ ಟಾಕಿಯಿಂದ ಹತ್ತಿಪ್ಪತ್ತು ಕೊಡ ಸ್ಲರಿ ತಂದು ಹೊಯ್ಯಿರಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಸೆಗಣಿ ಸಿಗುವುದಿಲ್ಲ ಅಂತಾದರೆ ಆ ದೊಡ್ಡ ಟಾಕಿಯ ಆಸೆ ಬಿಡಿ. ಅಂಗಳದ ಬಿಸಿಲಿನಲ್ಲಿ ಇಡುವ ಸಣ್ಣ ಪ್ಲಾಸ್ಟಿಕ್ ಟ್ಯಾಂಕಿನದ್ದು ಇಬ್ಬರಿಗೆ ಸಾಕು. ಅದಕ್ಕೂ ಹೆಪ್ಪು ಸೆಗಣಿಯದ್ದೇ ಬೇಕು, ಆದರೆ ಒಂದು ಸಲಕ್ಕೆ ಮಾತ್ರ.

ಕಾರ್ಕಳದಿಂದ ಒಬ್ಬ ಗೃಹಿಣಿ: ಮಳೆಗಾಲ ಬಂದ ಮೇಲೆ ನಮ್ಮ ಗೋಬರ್ ಗ್ಯಾಸಿನ ಉರಿ ಕುಣಿಯುತ್ತದೆ ಮೇಡಂ. ಒಮ್ಮೆ ಎತ್ತರ, ಒಮ್ಮೆ ಆರಿಯೇ ಹೋಗುತ್ತದೆ. ಸೆಗಣಿ ಕಡಿಮೆಯಾಯಿತೆಂದು ಇವರು ಹೇಳುತ್ತಾರೆ. ನಾನು ದಿನಾ ಅಷ್ಟೇ ಹಾಕುತ್ತಿದ್ದೇನೆ.

ನೀವು ಹೇಳುವುದೇ ಸರಿ, ಯಜಮಾನರಿಗೆ ಈ ಪುಟ ತೋರಿಸಿ. ಉರಿ ಸಣ್ಣಗಾದರೆ ಸೆಗಣಿಯದ್ದೋ ಸೋರಿಕೆಯದ್ದೋ ತೊಂದರೆ ಇರಬಹುದು. ಕುಣಿಯುವ ಉರಿ ಮಾತ್ರ ಪೈಪಿನಲ್ಲಿ ನೀರಿದೆ ಅನ್ನುವ ಗುರುತು.

ಟಾಕಿಯಿಂದ ಗ್ಯಾಸ್ ಹೊರಡುವಾಗ ಬೆಚ್ಚಗಿರುತ್ತದೆ, ತುಂಬ ಪಸೆ ಇರುತ್ತದೆ. ಮಳೆಗೆ ನೆನೆದು ತಣ್ಣಗಾದ ಪೈಪಿನಲ್ಲಿ ಬರುವಾಗ ಆ ಪಸೆ ಬೆವರಿನ ಹಾಗೆ ಒಳಗೋಡೆಗೆ ಕೂರುತ್ತದೆ. ಹರಿದು ಹೋಗಿ ಪೈಪು ಎಲ್ಲಿ ಜೋತಿದೆಯೋ ಅಲ್ಲಿ ನಿಲ್ಲುತ್ತದೆ. ಗ್ಯಾಸ್ ಆ ನೀರನ್ನು ತಳ್ಳಿಕೊಂಡು ಗುಳುಂ ಗುಳುಂ ಅಂತ ಬರಬೇಕು. ರಾತ್ರಿ ಮನೆ ನಿಶ್ಶಬ್ದ ಆದ ಮೇಲೆ ಪೈಪಿಗೆ ಕಿವಿ ಇಡಿ, ಕೇಳಿಸುತ್ತದೆ.

ನಮ್ಮಲ್ಲಿ ಒಂದು ವರ್ಷ ಇದೇ ಆಗಿ ಜುಲೈ ಇಡೀ ಒದ್ದಾಡಿದೆವು. ಕೊನೆಗೆ ನೋಡಿದರೆ ಮಕ್ಕಳು ಒದ್ದೆ ಯೂನಿಫಾರಂ ಒಣಗಿಸಲು ಹಟ್ಟಿ ಮಾಡಿನ ಕೆಳಗೆ ಗ್ಯಾಸ್ ಪೈಪಿನ ಮೇಲೆಯೇ ನೇತು ಹಾಕುತ್ತಿದ್ದರು. ಭಾರಕ್ಕೆ ಪೈಪು ಉಯ್ಯಾಲೆಯ ಹಾಗೆ ಬಗ್ಗಿತ್ತು. ಬಿಚ್ಚಿದಾಗ ಒಂದು ಚೊಂಬು ನೀರು ಬಿತ್ತು. ಕಪ್ಪಗೆ, ಕೊಳೆತ ಮೊಟ್ಟೆಯ ನಾತ.

ಪೈಪು ಉದ್ದಕ್ಕೂ ಟಾಕಿಯ ಕಡೆಗೆ ಇಳಿಜಾರಾಗಿರಲಿ, ಆಗ ನೀರು ತಾನೇ ವಾಪಸ್ ಹೋಗುತ್ತದೆ. ಹಾಗೆ ಮಾಡಲು ಆಗದಿದ್ದರೆ ಅತಿ ತಗ್ಗಿನ ಜಾಗದಲ್ಲಿ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ, ಕೆಳಗೆ ನಳ್ಳಿ ಕೂರಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೀರು ಬಿಟ್ಟು ತಕ್ಷಣ ಬಂದ್ ಮಾಡಿ. ಆಗ ಹತ್ತಿರ ಬೆಂಕಿ ಬೇಡ.

ಆ ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ಅನಿಲದ್ದು. ಬರ್ನರ್, ನಳ್ಳಿ ಎಲ್ಲವನ್ನೂ ಕರಗಿಸುವುದು ಅದೇ. ಲೇತ್ ಅಂಗಡಿಯಲ್ಲಿ ಕಬ್ಬಿಣದ ಚೂರು ಪುಕ್ಕಟೆ ಸಿಗುತ್ತದೆ. ನೀರು ಚಿಮುಕಿಸಿ ತುಕ್ಕು ಹಿಡಿಸಿ ಒಂದು ದಪ್ಪ ಪಿವಿಸಿ ಪೈಪಿನ ತುಂಡಿಗೆ ಸಡಿಲವಾಗಿ ತುಂಬಿ, ಗ್ಯಾಸ್ ಅದರೊಳಗಿಂದ ಹಾದು ಬರುವ ಹಾಗೆ ಮಾಡಿ. ತುಕ್ಕು ಆ ಗಂಧಕವನ್ನು ಹಿಡಿದುಕೊಳ್ಳುತ್ತದೆ. ಹೊಳೆಯುವ ಹೊಸ ಚೂರು ಅಷ್ಟು ಹಿಡಿಯುವುದಿಲ್ಲ, ತುಕ್ಕೇ ಬೇಕು. ತುಕ್ಕಿನಿಂದ ಉಪಕಾರ ಆಗುವುದು ಇದೊಂದೇ ಕಡೆ ಇರಬೇಕು.

ಹಾಗೇ ಇನ್ನೊಂದು ಮಾತು. ಸೆಗಣಿ ಕಲಸುವ ತೊಟ್ಟಿಗೆ ಮಾಡು ಇದೆಯಾ? ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ. ಮಾಡಿನ ನೀರು ತೊಟ್ಟಿಗೆ ಬಿದ್ದರೆ ಟಾಕಿಯೊಳಗಿನದ್ದು ಪೂರ್ತಿ ಬೇಯುವ ಮೊದಲೇ ಹೊರಗೆ ಹೋಗುತ್ತದೆ. ಸೆಗಣಿಗೆ ಸಮ ನೀರು, ಅದಕ್ಕಿಂತ ಜಾಸ್ತಿ ಬೇಡ. ಬೆರಳಿನಿಂದ ಎತ್ತಿದರೆ ನೀರು ದೋಸೆಯ ಹಿಟ್ಟಿಗಿಂತ ಸ್ವಲ್ಪ ಮಂದ ಇರಬೇಕು.

ಮಂಗಳೂರಿನ ಬಿಜೈಯಿಂದ ಫ್ಲ್ಯಾಟ್ ಸಂಘದ ಕಾರ್ಯದರ್ಶಿ: ನಮ್ಮದು 48 ಮನೆಗಳ ಕಟ್ಟಡ. ಒಂದು ಕಂಪನಿಯವರು ಬಂದು, ಹಸಿ ಕಸದಿಂದ ಗ್ಯಾಸ್ ಮಾಡಿ ಎಲ್ಲ ಮನೆಗೂ ಪೈಪಿನಲ್ಲಿ ಕೊಡಬಹುದು, ಸಿಲಿಂಡರೇ ಬೇಡ ಎನ್ನುತ್ತಿದ್ದಾರೆ. ನಂಬಬಹುದಾ?

ಮಾರಾಯರೇ, ಮೊದಲು ಬಾಲ್ದಿ ತೂಗಿ! ನಿಮ್ಮಲ್ಲಿ ಮನೆಗೆ ಮುಕ್ಕಾಲು ಕೆಜಿ ಹಸಿ ಕಸ ಬಂದರೂ ಒಟ್ಟು 36 ಕೆಜಿ. 40 ಎಂದೇ ಇಟ್ಟುಕೊಳ್ಳಿ. ಅದರಿಂದ ಸುಮಾರು 4 ಘನ ಮೀಟರ್ ಗ್ಯಾಸ್. ಒಂದು ಘನ ಮೀಟರ್ ಅಂದರೆ 450 ಗ್ರಾಂ ಎಲ್‌ಪಿಜಿಗೆ ಸಮ. ಹಾಗಾದರೆ ದಿನಕ್ಕೆ 1.8 ಕೆಜಿ. 14.2 ಕೆಜಿಯ ಒಂದು ಸಿಲಿಂಡರಿನಷ್ಟು ಗ್ಯಾಸ್ ಆಗಲು ಎಂಟು ದಿನ. ಎಂಟು ದಿನಕ್ಕೆ ಒಂದು ಸಿಲಿಂಡರನ್ನು 48 ಮನೆಗೆ ಹಂಚಿದರೆ ಯಾರಿಗೆ ಏನು ಸಿಕ್ಕೀತು? ಮೀಟಿಂಗಿನಲ್ಲಿ ಜಗಳ ಸಿಕ್ಕೀತು. ವಾಚ್‌ಮನ್ ಕುಟುಂಬದ ಅಡುಗೆಗೆ ಕೊಡಿ, ನೆಮ್ಮದಿಯಾಗಿ ಸಾಲುತ್ತದೆ, ಉಳಿದದ್ದಕ್ಕೆ ಬಿಸಿನೀರು ಕಾಯಿಸಿ.

ಹಾಗಂತ ಬೇಡ ಅನ್ನುವವಳಲ್ಲ ನಾನು. ಮಂಗಳೂರಿನವರಿಗೆ ಪಚ್ಚನಾಡಿಯ ವಿಷಯ ಹೇಳಬೇಕಾಗಿಲ್ಲ. 2019ರ ಆಗಸ್ಟಿನ ಮಳೆಗೆ ಆ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂತಲ್ಲ. ಆ ತೆಂಗು, ಅಡಿಕೆ ಮರಗಳ ಫೋಟೋ ನೋಡಿದವರಿಗೆ ಮನೆಯ ಹಸಿ ಕಸ ಮನೆಯಲ್ಲೇ ಮುಗಿಯಲಿ ಅನ್ನಿಸದೇ ಇರುವುದಿಲ್ಲ. ಕಸ ಕಡಿಮೆ ಮಾಡಲಿಕ್ಕೆ ಹಾಕುತ್ತೀರಾದರೆ ಖಂಡಿತ ಹಾಕಿ. ಗ್ಯಾಸ್ ಉಳಿಸಲಿಕ್ಕೆ ಅಂತ ಹಾಕಿದರೆ ಎರಡನೇ ವರ್ಷ ಬೇಜಾರು ಬಂದು ಬಿಟ್ಟುಬಿಡುತ್ತೀರಿ.

ಕಂಪನಿಯವರು ಹೇಳದೇ ಇರುವ ಒಂದು ಪ್ರಶ್ನೆಯನ್ನು ನೀವೇ ಕೇಳಿ: ಸ್ಲರಿ ಎಲ್ಲಿಗೆ? 40 ಕೆಜಿ ಕಸ, ಅದಕ್ಕೆ ಅಷ್ಟೇ ನೀರು ಹಾಕಿದರೆ ದಿನವೂ ಸುಮಾರು 80 ಲೀಟರ್ ಸ್ಲರಿ ಹೊರಗೆ ಬರುತ್ತದೆ. ಹಾಕಿದ್ದು ಗ್ಯಾಸ್ ಆಗಿ ಮಾಯ ಆಗುವುದಿಲ್ಲ, ತೂಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಮಗೆ ತೋಟ ಇದೆ, ಇನ್ನೂ ಬೇಕು ಅನ್ನಿಸುತ್ತದೆ. ನಿಮಗೆ ಇರುವುದು ಇಂಟರ್‌ಲಾಕ್ ಹಾಕಿದ ಅಂಗಳ, ನಾಲ್ಕು ಕ್ರೋಟನ್ ಕುಂಡ. ಜೂನ್ ತಿಂಗಳಲ್ಲಿ ನೆಲವೇ ನೀರು ಕುಡಿಯುವುದಿಲ್ಲ, 80 ಲೀಟರ್ ಏನು ಮಾಡುತ್ತೀರಿ? ಸ್ಲರಿ ಸೋಸಿ ನೀರನ್ನು ಮತ್ತೆ ಕಸ ಕಲಸಲು ಬಳಸುವ ಏರ್ಪಾಡು ಇದೆಯಾ, ಗಟ್ಟಿ ಭಾಗ ಒಣಗಿಸಲು ಮಾಡು ಇರುವ ಜಾಗ ಇದೆಯಾ ಕೇಳಿ. ಉತ್ತರ ಕೊಡದೆ ಬ್ರೋಷರ್ ಕೊಟ್ಟರೆ ಕಾಫಿ ಕೊಟ್ಟು ಕಳಿಸಿ.

ನಿಂಬೆ, ಮೂಸಂಬಿ ಸಿಪ್ಪೆ, ಮೊಟ್ಟೆ ಚಿಪ್ಪು, ಎಲುಬು, ತೆಂಗಿನ ಚಿಪ್ಪು, ಮಾವಿನ ಗೊರಟು ಇವುಗಳಿಗೆ ಬೇರೆ ಬಾಲ್ದಿ ಇಡಿ. 48 ಮನೆಯವರಿಗೂ ಇದನ್ನು ಕಲಿಸುವುದೇ ದೊಡ್ಡ ಕೆಲಸ. ಯಂತ್ರ ಕೂರಿಸಲು ಎರಡು ದಿನ ಸಾಕು, ಇದಕ್ಕೆ ಆರು ತಿಂಗಳು ಬೇಕು.

ಮಲ್ಪೆಯ ಓದುಗರು: ಮೀನಿನ ತಲೆ, ಕರುಳು, ಸಿಗಡಿ ಸಿಪ್ಪೆ ಟಾಕಿಗೆ ಹಾಕಬಹುದಾ? ಕೋಳಿ ಗೊಬ್ಬರ?

ಮೀನಿನ ಕರುಳು ಹಾಕಿದರೆ ಗ್ಯಾಸ್ ಚೆನ್ನಾಗಿ ಬರುತ್ತದೆ. ಆದರೆ ಹತ್ತು ಪಾಲು ಸೆಗಣಿಗೆ ಒಂದು ಪಾಲು ಮೀರಬೇಡಿ. ಮೀನಿನಲ್ಲಿ ಸಾರಜನಕ ಜಾಸ್ತಿ. ಅದು ಟಾಕಿಯಲ್ಲಿ ಅಮೋನಿಯಾ ಆಗಿ, ಮೀಥೇನ್ ಮಾಡುವ ಜೀವಿಗಳಿಗೆ ಉಸಿರುಗಟ್ಟುತ್ತದೆ. ಸಿಗಡಿ ಸಿಪ್ಪೆ ಬೇಡ, ಕರಗುವುದಿಲ್ಲ, ತಳ ಸೇರುತ್ತದೆ. ಅದನ್ನು ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹೂಳಿ, ನಾಯಿ ಕೆದಕದಷ್ಟು ಆಳಕ್ಕೆ. ಕೋಳಿ ಗೊಬ್ಬರಕ್ಕೂ ಇದೇ ಮಾತು. ಅದರ ಜೊತೆ ಮರದ ಹೊಟ್ಟು, ಭತ್ತದ ಉಮಿ, ಮರಳು ಬರುತ್ತದೆ. ನೀರಿನಲ್ಲಿ ಕದಡಿ, ಮರಳು ಇಳಿದ ಮೇಲೆ ಮೇಲಿನದ್ದು ಮಾತ್ರ ಸ್ವಲ್ಪ ಸ್ವಲ್ಪ ಹಾಕಿ.

ಶಂಕರಪುರದಿಂದ ಮಲ್ಲಿಗೆ ಬೆಳೆಗಾರರು: ನಾವು ಮಲ್ಲಿಗೆಗೆ ನೆಲಗಡಲೆ ಹಿಂಡಿ ನೆನೆಸಿದ ನೀರು ಕೊಡುತ್ತೇವೆ. ಈಗ ಹಿಂಡಿಯ ರೇಟು ಕೇಳಬೇಡಿ. ಬದಲಿಗೆ ಸ್ಲರಿ ಕೊಡಬಹುದಾ?

ಬದಲಿಗೆ ಅಂತ ಬೇಡ. ಹಿಂಡಿ ಅರ್ಧಕ್ಕೆ ಇಳಿಸಿ, ಉಳಿದದ್ದಕ್ಕೆ ಸ್ಲರಿ ಕೊಟ್ಟು ಒಂದು ಹಂಗಾಮು ನೋಡಿ. ಸೆಗಣಿಯಲ್ಲಿದ್ದ ಸಾರಜನಕ ಗ್ಯಾಸಿನ ಜೊತೆ ಹೋಗುವುದಿಲ್ಲ, ಸ್ಲರಿಯಲ್ಲೇ ಉಳಿಯುತ್ತದೆ. ಗ್ಯಾಸ್ ತೆಗೆದುಕೊಂಡು ಹೋಗುವುದು ಇಂಗಾಲವನ್ನು. ಆದರೂ ಹಿಂಡಿಯಷ್ಟು ಗಟ್ಟಿ ಸಾರ ಸ್ಲರಿಗೆ ಇಲ್ಲ, ಅದರಲ್ಲಿ ನೀರೇ ಹೆಚ್ಚು.

ನಮ್ಮ ಅಂಗಳದಲ್ಲೂ ಎಂಟು ಮಲ್ಲಿಗೆ ಗಿಡ ಇವೆ. ಮಾರಲಿಕ್ಕಲ್ಲ, ದೇವರಿಗೆ ಮತ್ತು ನನ್ನ ತಲೆಗೆ. ಟಾಕಿಯಿಂದ ಬಂದ ಸ್ಲರಿಯನ್ನು ಒಂದು ವಾರ ಗುಂಡಿಯಲ್ಲಿ ಬಿಡುತ್ತೇನೆ. ಹಾಗೆ ಬಿಟ್ಟರೆ ಅದರ ಖಾರ ಇಳಿಯುತ್ತದೆ. ಆಮೇಲೆ ಒಂದಕ್ಕೆ ಎರಡು ನೀರು ಬೆರೆಸಿ, ಬುಡದಿಂದ ಒಂದು ಗೇಣು ದೂರದಲ್ಲಿ ಸುತ್ತ ಕೊಡುತ್ತೇನೆ, ಹದಿನೈದು ದಿನಕ್ಕೊಮ್ಮೆ. ಕಾಂಡಕ್ಕೆ ತಾಗಬಾರದು. ಒಂದು ಸಲ ಕೆಲಸದ ಹುಡುಗ ದಪ್ಪ ಸ್ಲರಿಯನ್ನು ಬುಡಕ್ಕೇ ಸುರಿದ. ಮೇಲೆ ಸಿಮೆಂಟಿನ ಹಾಗೆ ಪದರ ಕಟ್ಟಿತು, ಕೆಳಗೆ ನೀರೇ ಇಳಿಯಲಿಲ್ಲ, ಗಿಡ ಹಳದಿಯಾಯಿತು. ಪದರ ಕೆರೆದು ತೆಗೆದ ಮೇಲೆ ಚೇತರಿಸಿತು. ಮಳೆ ಸುರಿಯುವಾಗ ಕೊಡಬೇಡಿ, ಎಲ್ಲ ತೋಡಿಗೆ ಹೋಗುತ್ತದೆ.

ಬ್ರಹ್ಮಾವರದಿಂದ ಒಬ್ಬ ಯುವಕ: ನಮ್ಮ ದೀನಬಂಧುವಿನಲ್ಲಿ ಕೆಸರು ತುಂಬಿದೆ. ಗ್ಯಾಸ್ ಅರ್ಧಕ್ಕೆ ಇಳಿದಿದೆ. ಈ ಮಳೆಗಾಲದಲ್ಲಿ ಕೆಲಸ ಕಡಿಮೆ, ನಾನು ಮತ್ತು ಗೆಳೆಯ ಒಳಗಿಳಿದು ಸ್ವಚ್ಛ ಮಾಡೋಣ ಅಂತಿದ್ದೇವೆ. ಏನು ಎಚ್ಚರಿಕೆ ಬೇಕು?

ಇಳಿಯಬೇಡಿ. ಇದೇ ಎಚ್ಚರಿಕೆ.

ನನ್ನ ಮೈದುನ ಹೀಗೇ ಹೊರಟಿದ್ದ. ಮೂರು ದಿನ ಬಾಯಿ ತೆರೆದಿಟ್ಟ ಟಾಕಿ. ವಾಸನೆಯೂ ಇರಲಿಲ್ಲ. ಏಣಿಯ ಎರಡನೇ ಮೆಟ್ಟಿಲಿಗೆ ಕಾಲಿಟ್ಟವನು ಕೈ ಸಡಿಲ ಬಿಟ್ಟ. ಸೊಂಟಕ್ಕೆ ಹಗ್ಗ ಕಟ್ಟಿದ್ದೆವು, ಅದೂ ಅತ್ತೆ ಹಠ ಮಾಡಿದ್ದಕ್ಕೆ. ಮೇಲೆ ಮೂರು ಜನ ಇದ್ದದ್ದರಿಂದ ಎಳೆದು ಹಾಕಿದರು. ಅಂಗಳದಲ್ಲಿ ಮಲಗಿಸಿದಾಗ ತುಟಿ ನೀಲಿ. ಐದು ನಿಮಿಷ ಬಿಟ್ಟು ಎದ್ದು ಕೂತು, "ಏನಾಯ್ತು?" ಅಂತ ನಮ್ಮನ್ನೇ ಕೇಳಿದ. ಅವನಿಗೆ ಬಿದ್ದದ್ದೇ ಗೊತ್ತಿಲ್ಲ.

ಅಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಭಾರ, ತಳದಲ್ಲಿ ಕೂತಿರುತ್ತದೆ, ಬಾಯಿ ತೆರೆದಿಟ್ಟರೂ ಹೋಗುವುದಿಲ್ಲ. ಕೆಸರು ಕದಡಿದ ಕೂಡಲೇ ಹೊಸ ಗ್ಯಾಸ್ ಏಳುತ್ತದೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದರೆ ನಾತ ಬರುತ್ತದೆ, ತುಂಬ ಇದ್ದರೆ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ಇಲ್ಲ ಅಂದರೆ ಅಪಾಯ ಇಲ್ಲ ಅಂತ ತಿಳಿಯಬೇಡಿ. ಬಿದ್ದವನನ್ನು ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ. ಇಂಥ ಸುದ್ದಿಗಳಲ್ಲಿ ಒಬ್ಬರ ಬದಲು ಇಬ್ಬರು ಮೂವರ ಹೆಸರು ಇರುವುದು ಅದಕ್ಕೇ.

ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ಕ್ರಮ ನಮ್ಮಲ್ಲಿ ಇದೆ ಅಲ್ವಾ? ಆ ಅಭ್ಯಾಸವನ್ನು ಇಲ್ಲಿ ತರಬೇಡಿ. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಪಾಲು ಇದ್ದರೆ ಕಿಡಿಗೆ ಸ್ಫೋಟ ಆಗುತ್ತದೆ. ಬೀಡಿ, ಮೊಬೈಲ್ ಟಾರ್ಚ್, ಯಾವುದೂ ಬಾಯಿಯ ಹತ್ತಿರ ಬೇಡ.

ಮಳೆಗಾಲದಲ್ಲಂತೂ ಟಾಕಿ ಖಾಲಿ ಮಾಡಲೇಬಾರದು, ಅದಕ್ಕೆ ಬೇರೆ ಕಾರಣ ಇದೆ. ಸುತ್ತ ಮಣ್ಣಿನಲ್ಲಿ ನೀರು ತುಂಬಿರುತ್ತದೆ. ಒಳಗೆ ಭಾರ ಇಲ್ಲದಿದ್ದರೆ ಹೊರಗಿನ ನೀರು ಟಾಕಿಯನ್ನು ದೋಣಿಯ ಹಾಗೆ ಮೇಲಕ್ಕೆ ತಳ್ಳುತ್ತದೆ. ಇಟ್ಟಿಗೆಯ ಡೋಮು ಬಿರಿಯುತ್ತದೆ.

ಮಾರ್ಚ್ ಏಪ್ರಿಲ್‌ವರೆಗೆ ಕಾಯಿರಿ. ಕೆಸರು ಎಳೆಯುವ ಪಂಪಿನವರನ್ನು ಕರೆಸಿ, ಹೊರಗೆ ನಿಂತೇ ಕೆಲಸ ಆಗುತ್ತದೆ. ಅಲ್ಲಿಯವರೆಗೆ ಉದ್ದ ಬಿದಿರಿನ ಗಳುವಿನಿಂದ ಒಳಗೆ ಹಾಕುವ ಪೈಪಿನಲ್ಲಿ ದಿನಾ ಹತ್ತಿಪ್ಪತ್ತು ಸಲ ಕುಟ್ಟಿ. ಮೇಲೆ ಕಟ್ಟಿದ ಕೆನೆ ಒಡೆದರೆ ಅರ್ಧ ಗ್ಯಾಸ್ ವಾಪಸ್ ಬರುವುದೂ ಉಂಟು. ಮತ್ತೆ, ಕೆಸರು ಯಾಕೆ ತುಂಬಿತು ಅಂತ ಹಟ್ಟಿಗೆ ಹೋಗಿ ನೋಡಿ. ದನದ ಕಾಲಡಿಗೆ ಸೊಪ್ಪು ಹಾಕುತ್ತೀರಾ? ಹಾಗಾದರೆ ಆ ಸೆಗಣಿ ಗೊಬ್ಬರದ ಗುಂಡಿಗೆ ಹೋಗಬೇಕು, ಟಾಕಿಗಲ್ಲ. ಸೊಪ್ಪಿನ ಕಡ್ಡಿ, ಬೈಹುಲ್ಲು, ಮಣ್ಣು ಇಲ್ಲದ ಸೆಗಣಿ ಮಾತ್ರ ಟಾಕಿಗೆ.

ಕೋಟದಿಂದ ಹೊಸ ಸೊಸೆ (ಹಾಗೆಂದೇ ಸಹಿ ಹಾಕಿದ್ದಾರೆ): ನಮ್ಮ ಅತ್ತೆ ಗೋಬರ್ ಗ್ಯಾಸಿನಲ್ಲಿ ದೇವರ ನೈವೇದ್ಯ ಮಾಡಬಾರದು ಎನ್ನುತ್ತಾರೆ. ಇದು ಶಾಸ್ತ್ರವಾ?

ಸೆಗಣಿ ಸಾರಿಸಿದ ನೆಲದಲ್ಲಿ ದೇವರನ್ನು ಕೂರಿಸುವವರು ನಾವು, ಪಂಚಗವ್ಯ ಕುಡಿಯುವವರೂ ನಾವೇ. ಸೆಗಣಿಯ ಗ್ಯಾಸಿಗೆ ಮೈಲಿಗೆ ಹೇಗೆ ಬಂತೋ! ಟಾಕಿಗೆ ಶೌಚಾಲಯದ ಪೈಪು ಕೂಡಿಸಿದ್ದರೆ ಮಾತು ಬೇರೆ. ಅದರಲ್ಲಿಯೂ ಗ್ಯಾಸ್ ಅದೇ ಗ್ಯಾಸ್, ಆದರೆ ಅತ್ತೆಯ ಮನಸ್ಸಿಗೆ ವಿಜ್ಞಾನ ಹೇಳಲು ಹೊರಡಬೇಡಿ, ಹೊಸ ಸೊಸೆ ನೀವು.

ನಮ್ಮ ಅತ್ತೆಯೂ ನಾಗರಪಂಚಮಿಯ ಅರಶಿನ ಎಲೆ ಕಡುಬನ್ನು ಮಾತ್ರ ಕಟ್ಟಿಗೆ ಒಲೆಯಲ್ಲೇ ಬೇಯಿಸುತ್ತಿದ್ದರು. ನಾನೂ ಶಾಸ್ತ್ರ ಎಂದೇ ತಿಳಿದು ಹತ್ತು ವರ್ಷ ಕೇಳಲಿಲ್ಲ. ಒಂದು ವರ್ಷ ಧೈರ್ಯ ಮಾಡಿ ಕೇಳಿದೆ. "ಶಾಸ್ತ್ರವೂ ಇಲ್ಲ, ಎಂಥದೂ ಇಲ್ಲ. ಮಳೆಗಾಲದಲ್ಲಿ ನಿನ್ನ ಗ್ಯಾಸು ಮುಕ್ಕಾಲು ಗಂಟೆಗೆ ಕೈ ಕೊಡುತ್ತದೆ. ಕಡುಬು ಅರ್ಧ ಬೆಂದರೆ ದೇವರಿಗೆ ಹೇಗೆ ಕೊಡುವುದು?" ಅಂದರು.